ಸತ್ತ ಜೇನಿನ ಲೆಕ್ಕ ಯಾರ ಹತ್ತಿರ ಇದೆ?



ಪ್ರತಿ ವರ್ಷ ಮೇ 20 ಬಂತು ಅಂದ್ರೆ ನಿಮ್ಮ ಮೊಬೈಲಿಗೆ ಒಂದು ಫೋಟೋ ಬಂದೇ ಬರುತ್ತದೆ. ಕೆದರಿದ ಬಿಳಿ ಕೂದಲಿನ ಐನ್‌ಸ್ಟೈನ್, ಪಕ್ಕದಲ್ಲಿ ಒಂದು ಜೇನುನೊಣ, ಕೆಳಗೆ ಒಂದು ಎಚ್ಚರಿಕೆ. ಜೇನು ಭೂಮಿಯಿಂದ ಮಾಯವಾದರೆ ಮನುಷ್ಯನಿಗೆ ಉಳಿಯೋದು ನಾಲ್ಕೇ ವರ್ಷ ಅಂತ. ಅವತ್ತು ವಿಶ್ವ ಜೇನುನೊಣ ದಿನ. ಸ್ಲೊವೇನಿಯಾ ಅನ್ನುವ ಪುಟ್ಟ ದೇಶ ಕೇಳಿಕೊಂಡಿದ್ದಕ್ಕೆ ವಿಶ್ವಸಂಸ್ಥೆ 2017ರಲ್ಲಿ ಘೋಷಿಸಿದ ದಿನ. ಆ ದೇಶದ ಹಳೇ ಜೇನು ಗುರು ಆಂಟನ್ ಯಾನ್ಶಾ ಅವರ ಹುಟ್ಟಿದ ದಿನ ಅದು. ದಿನ ನಿಜ, ಯಾನ್ಶಾ ನಿಜ. ಐನ್‌ಸ್ಟೈನ್ ಮಾತು ಮಾತ್ರ ನಿಜವಲ್ಲ. ಅವರು ಹಾಗೆ ಹೇಳಿದ್ದಕ್ಕೆ, ಬರೆದಿದ್ದಕ್ಕೆ ಯಾರಿಗೂ ಒಂದು ಆಧಾರ ಸಿಕ್ಕಿಲ್ಲ.

ಮಾತಿನ ಒಳಗಿರುವ ಲೆಕ್ಕವೂ ಸರಿ ಇಲ್ಲ. ಭತ್ತ, ರಾಗಿ, ಜೋಳ, ಗೋಧಿ, ಇವಕ್ಕೆ ಪರಾಗಸ್ಪರ್ಶಕ್ಕೆ ಜೇನು ಬೇಕಾಗಿಲ್ಲ. ಗಾಳಿ ಸಾಕು, ಕೆಲವಕ್ಕೆ ಗಾಳಿಯೂ ಬೇಡ. ಅಂದರೆ ಮುದ್ದೆ ಇರುತ್ತೆ, ಅನ್ನ ಇರುತ್ತೆ. ಸೌತೆಕಾಯಿ, ಕುಂಬಳ, ಕಲ್ಲಂಗಡಿ, ಸೇಬು, ಬಾದಾಮಿ, ಸೂರ್ಯಕಾಂತಿ, ಇವುಗಳ ಇಳುವರಿ ಬಿದ್ದುಹೋಗುತ್ತೆ. ಇದೇನು ಸಣ್ಣ ನಷ್ಟ ಅಂತ ನಾನು ಹೇಳ್ತಿಲ್ಲ. ಪ್ರಳಯ ಬೇರೆ, ನಷ್ಟ ಬೇರೆ, ಅಷ್ಟೇ.

ಜೇನಿನ ವಿಷಯದಲ್ಲಿ ನಮ್ಮ ಟಿವಿಗಳಲ್ಲಿ ಎರಡೇ ಹೆಡ್‌ಲೈನ್ ಓಡುತ್ತವೆ. ಒಂದು, 'ಜೇನು ಅಳಿವಿನಂಚಿನಲ್ಲಿ'. ಇನ್ನೊಂದು ಅದಾಗಿ ಆರು ತಿಂಗಳಿಗೆ ಬರುತ್ತೆ, 'ಜೇನಿಗೆ ಏನೂ ಆಗಿಲ್ಲ, ಸಂಖ್ಯೆ ಹೆಚ್ಚಾಗಿದೆ'. ತಮಾಷೆ ಅಂದ್ರೆ ಎರಡಕ್ಕೂ ಅಂಕಿ ಅಂಶ ಇದೆ. ಎರಡೂ ಸುಳ್ಳಲ್ಲ. ಹಾಗಾದರೆ ಸಾಯ್ತಾ ಇರೋದು ಯಾವುದು, ಹೆಚ್ಚಾಗ್ತಾ ಇರೋದು ಯಾವುದು? ಇದನ್ನು ಬಿಡಿಸಬೇಕಾದರೆ ಜೇನಿನ ಬಗ್ಗೆ ಮಾತಾಡಿದರೆ ಸಾಲದು. ಸತ್ತ ಜೇನನ್ನು ಎಣಿಸುವವರ ಬಗ್ಗೆ ಮಾತಾಡಬೇಕು. ಇವತ್ತು ಅದೇ ವಿಷಯ.

2006ರ ನವೆಂಬರ್. ಅಮೆರಿಕದ ಫ್ಲೋರಿಡಾ. ಡೇವ್ ಹ್ಯಾಕೆನ್‌ಬರ್ಗ್ ಅನ್ನುವ ಜೇನು ಸಾಕಣೆದಾರ ತನ್ನ ಪೆಟ್ಟಿಗೆಗಳನ್ನು ನೋಡಲು ಹೋಗುತ್ತಾನೆ. ಇವನು ಹತ್ತಿಪ್ಪತ್ತು ಪೆಟ್ಟಿಗೆಯ ಹವ್ಯಾಸಿ ಅಲ್ಲ. ಲಾರಿ ತುಂಬ ಪೆಟ್ಟಿಗೆ ಹೇರಿಕೊಂಡು ರಾಜ್ಯದಿಂದ ರಾಜ್ಯಕ್ಕೆ ತಿರುಗುವ ದೊಡ್ಡ ವ್ಯಾಪಾರಿ. ಆ ಜಾಗದಲ್ಲಿದ್ದ ಪೆಟ್ಟಿಗೆಗಳಲ್ಲಿ ಬಹುಪಾಲು ಖಾಲಿ. ಸತ್ತ ನೊಣಗಳ ರಾಶಿ ಇಲ್ಲ. ಒಳಗೆ ಜೇನುತುಪ್ಪ ಇದೆ, ಮರಿ ಇದೆ, ಕೆಲವು ಕಡೆ ರಾಣಿಯೂ ಇದೆ. ಕೆಲಸಗಾರ ನೊಣಗಳೇ ಇಲ್ಲ. ಮನೆ ಇದೆ, ಒಲೆ ಮೇಲೆ ಪಾತ್ರೆ ಇದೆ, ಜನ ಇಲ್ಲ ಅಂದ ಹಾಗೆ. ಅವನು ಸುಮ್ಮನಿರಲಿಲ್ಲ, ಫೋನ್ ಮಾಡಿದ, ಎಲ್ಲರಿಗೂ ಹೇಳಿದ. ಆಗ ಒಬ್ಬೊಬ್ಬರಾಗಿ ನನ್ನದೂ ಹೀಗೇ, ನನ್ನದೂ ಹೀಗೇ ಅನ್ನತೊಡಗಿದರು. ವಿಜ್ಞಾನಿಗಳು ಅದಕ್ಕೆ ಕಾಲನಿ ಕೊಲ್ಯಾಪ್ಸ್ ಡಿಸಾರ್ಡರ್ ಅಂತ ಹೆಸರಿಟ್ಟರು.

ಹೆಸರು ಇಡೋದು ಸುಲಭ. ಒಟ್ಟು ಎಷ್ಟು ಹೋಯ್ತು? ಕಳೆದ ವರ್ಷ ಎಷ್ಟು ಹೋಗಿತ್ತು? ಪ್ರತಿ ವರ್ಷ ಹೋಗೋದು ಎಷ್ಟು? ಇಲ್ಲಿ ಎಲ್ಲರೂ ತಡವರಿಸಿದರು. ಚಳಿ ದೇಶಗಳಲ್ಲಿ ಚಳಿಗಾಲಕ್ಕೆ ಒಂದಷ್ಟು ಕುಟುಂಬ ಸಾಯೋದು ಮಾಮೂಲಿ. ನೂರಕ್ಕೆ ಹತ್ತು ಹದಿನೈದು ಹೋದರೆ ಅಲ್ಲಿಯವರು ಅಯ್ಯೋ ಅನ್ನಲ್ಲ. ಹಾಗಾಗಿ ಈ ವರ್ಷ ಮೂವತ್ತು ಹೋಯ್ತು ಅಂದಾಗ ಅದು ಗಾಬರಿ ಪಡುವ ಸಂಖ್ಯೆಯೋ ಅಲ್ಲವೋ ಹೇಳಬೇಕಾದರೆ ಹಿಂದಿನ ವರ್ಷಗಳ ಪುಸ್ತಕ ಬೇಕು. ಆ ಪುಸ್ತಕ ಇರಲಿಲ್ಲ. ಅಮೆರಿಕದಲ್ಲಿ ವರ್ಷ ವರ್ಷ ನಷ್ಟದ ಸಮೀಕ್ಷೆ ಶುರುವಾಗಿದ್ದೇ ಆ ಚಳಿಗಾಲದಿಂದ.

ಯುರೋಪಿನಲ್ಲಿ ಗೋಜಲು ಇನ್ನೂ ಜಾಸ್ತಿ. ಅಲ್ಲಿ ಜರ್ಮನಿಯವರು ಒಂದು ಥರ ಎಣಿಸಿದರೆ ಫ್ರಾನ್ಸಿನವರು ಇನ್ನೊಂದು ಥರ. ನೀವೇ ಯೋಚನೆ ಮಾಡಿ. ಪೆಟ್ಟಿಗೆ ಒಳಗೆ ಒಂದು ಹಿಡಿ ನೊಣ ಉಳಿದಿದೆ, ರಾಣಿ ಇಲ್ಲ. ಇದು ಬದುಕಿದ ಕುಟುಂಬವೋ ಸತ್ತ ಕುಟುಂಬವೋ? ದುರ್ಬಲವಾದ ಎರಡು ಕುಟುಂಬವನ್ನು ಸಾಕಣೆದಾರನೇ ಸೇರಿಸಿ ಒಂದು ಮಾಡಿದ. ಒಂದು ಹೋಯ್ತು ಅಂತ ಬರೆಯಬೇಕೋ ಬೇಡವೋ? ಪ್ರವಾಹದಲ್ಲಿ ಪೆಟ್ಟಿಗೆ ಕೊಚ್ಚಿಹೋಯ್ತು. ಅದನ್ನು ರೋಗದ ಲೆಕ್ಕಕ್ಕೆ ಹಾಕೋದೋ? ಒಬ್ಬ ಅಕ್ಟೋಬರ್‌ನಲ್ಲಿ ಎಣಿಸಿದ, ಇನ್ನೊಬ್ಬ ಡಿಸೆಂಬರ್‌ನಲ್ಲಿ ಎಣಿಸಿದ, ಅಷ್ಟರಲ್ಲಾಗಲೇ ಕೆಲವು ಸತ್ತಿದ್ದವು. ಈ ಎರಡು ಸಂಖ್ಯೆಯನ್ನು ಪಕ್ಕಪಕ್ಕ ಇಟ್ಟು ಯಾವ ದೇಶದ ಜೇನು ಗಟ್ಟಿ ಅಂತ ಹೇಳೋಕೆ ಆಗುತ್ತಾ? ಇಂಜಿನಿಯರಿಂಗ್ ಲ್ಯಾಬಿನಲ್ಲಿ ಹೀಗೆ ರೀಡಿಂಗ್ ತಗೊಂಡಿದ್ದರೆ ನಮ್ಮ ಮೇಷ್ಟ್ರು ರೆಕಾರ್ಡ್ ಬುಕ್ಕನ್ನು ಮುಖದ ಮೇಲೆ ಎಸೀತಿದ್ದರು.

2008ರಲ್ಲಿ ಒಂದು ಜಾಲ ಹುಟ್ಟಿತು. ಹೆಸರು ಕೊಲಾಸ್. ಈಗ ಇದರ ಕೇಂದ್ರ ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದಲ್ಲಿದೆ. ಇದು ಸರ್ಕಾರ ಅಲ್ಲ, ಇಲಾಖೆ ಅಲ್ಲ. ಜೇನಿನ ಮೇಲೆ ಕೆಲಸ ಮಾಡುವ ಬೇರೆ ಬೇರೆ ದೇಶದ ವಿಜ್ಞಾನಿಗಳ ಒಂದು ಸಂಘ. ಇವರ ಕೆಲಸಗಳಲ್ಲಿ ಒಂದು ಈ ಎಣಿಕೆ. ಗ್ಲಾಸ್ಗೋದಲ್ಲಿರುವ ಸಂಖ್ಯಾಶಾಸ್ತ್ರಜ್ಞೆ ಆಲಿಸನ್ ಗ್ರೇ, ಆಸ್ಟ್ರಿಯಾದ ಗ್ರಾಜ್ ವಿಶ್ವವಿದ್ಯಾಲಯದ ರಾಬರ್ಟ್ ಬ್ರೊಡ್‌ಶ್ನೈಡರ್, ಇವರಿಬ್ಬರ ಹೆಸರು ವರ್ಷ ವರ್ಷದ ವರದಿಗಳಲ್ಲಿ ಮತ್ತೆ ಮತ್ತೆ ಬರುತ್ತೆ. ಇವರು ಮಾಡಿದ ದೊಡ್ಡ ಕೆಲಸ ಏನು? ಯಂತ್ರ ಕಂಡುಹಿಡೀಲಿಲ್ಲ, ಔಷಧಿ ಕಂಡುಹಿಡೀಲಿಲ್ಲ. ಎಲ್ಲ ದೇಶಗಳಲ್ಲೂ ಒಂದೇ ಪ್ರಶ್ನೆ ಕೇಳೋಣ ಅಂತ ಒಪ್ಪಿಸಿದರು. ಕೇಳೋಕೆ ಇಷ್ಟೇನಾ ಅನ್ನಿಸುತ್ತೆ. ನಾಲ್ಕು ಜನ ಸೇರಿದ ಅಪಾರ್ಟ್‌ಮೆಂಟ್ ಸಂಘದಲ್ಲಿ ಒಂದೇ ಪ್ರಶ್ನೆಗೆ ಎಲ್ಲರನ್ನೂ ಒಪ್ಪಿಸಿ ನೋಡಿ, ಆಗ ಗೊತ್ತಾಗುತ್ತೆ.

ಪ್ರಶ್ನೆಯ ತಿರುಳು ಇದು. ಚಳಿಗಾಲಕ್ಕೆ ಕಾಲಿಡುವಾಗ ನಿಮ್ಮ ಹತ್ತಿರ ಎಷ್ಟು ಕುಟುಂಬ ಇದ್ದವು? ವಸಂತ ಬಂದಾಗ ಅದರಲ್ಲಿ ಎಷ್ಟು ಸತ್ತಿದ್ದವು ಅಥವಾ ಪೆಟ್ಟಿಗೆ ಖಾಲಿಯಾಗಿತ್ತು? ಎಷ್ಟು ಕುಟುಂಬ ಜೀವಂತ ಇದ್ದರೂ ರಾಣಿಯ ತೊಂದರೆಯಿಂದ ಕೈಬಿಡಬೇಕಾಯ್ತು? ಎಷ್ಟು ಪ್ರವಾಹ, ಬೆಂಕಿ, ಬಿರುಗಾಳಿಗೆ ಹೋದವು? ಈ ಮೂರನ್ನು ಬೇರೆ ಬೇರೆ ಕಾಲಂನಲ್ಲಿ ಬರೀಬೇಕು, ಕಲಸಬಾರದು. ಆಮೇಲೆ ಔಷಧಿ ಹಾಕಿದ್ರಾ, ಪೆಟ್ಟಿಗೆ ಬೇರೆ ಊರಿಗೆ ಒಯ್ದಿದ್ರಾ, ಸುತ್ತ ಏನು ಬೆಳೆ ಇತ್ತು, ಇಂಥವು.

2018-19ರ ಚಳಿಗಾಲದ ಲೆಕ್ಕ ನೋಡಿ. 35 ದೇಶ. ಉತ್ತರ ಕೊಟ್ಟ ಸಾಕಣೆದಾರರು 28,629 ಜನ. ಅವರ ಬಳಿ ಇದ್ದ ಕುಟುಂಬಗಳು 7,38,233. ಅದರಲ್ಲಿ ಸತ್ತಿದ್ದು 10.7 ಶೇಕಡಾ, ರಾಣಿಯ ತೊಂದರೆಗೆ ಹೋದದ್ದು 4.1, ಪ್ರಕೃತಿ ವಿಕೋಪಕ್ಕೆ 1.9. ಒಟ್ಟು 16.7. ಅಂದರೆ ಆರಕ್ಕೆ ಒಂದು. ಇದು ಎಲ್ಲ ದೇಶ ಸೇರಿದ ಸರಾಸರಿ. ಬಿಡಿಸಿ ನೋಡಿದರೆ ಒಂದು ದೇಶದಲ್ಲಿ 5.8, ಇನ್ನೊಂದರಲ್ಲಿ 32. ಮೂರು ವರ್ಷ ಹಿಂದೆ, 2015-16ರಲ್ಲಿ ಸರಾಸರಿ 12 ಇತ್ತು. ಅದರ ಮರುವರ್ಷ 20.9. ಹೀಗೆ ಏರುತ್ತೆ, ಇಳಿಯುತ್ತೆ. ಒಂದು ವರ್ಷದ ಅಂಕಿ ಹಿಡಿದು ಕೂಗಾಡಿದರೆ ಏನಾಗುತ್ತೆ ಅನ್ನೋದು ಇದರಲ್ಲೇ ಗೊತ್ತಾಗುತ್ತೆ. 2017ರ ಅಂಕಿ ಹಿಡಿದವನು ಪ್ರಳಯ ಅಂತಾನೆ, 2016ರ ಅಂಕಿ ಹಿಡಿದವನು ಎಲ್ಲ ಸುಳ್ಳು ಅಂತಾನೆ.

ಈಗ ಆ ಎರಡು ಹೆಡ್‌ಲೈನ್‌ಗೆ ಬರೋಣ. ಇಷ್ಟು ಸಾಯ್ತಾ ಇದ್ದರೆ ಪ್ರಪಂಚದಲ್ಲಿ ಜೇನುಪೆಟ್ಟಿಗೆಗಳ ಸಂಖ್ಯೆ ಹೇಗೆ ಹೆಚ್ಚಾಗ್ತಿದೆ? ಯಾಕಂದ್ರೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂಕಿಗಳ ಪ್ರಕಾರ 1961ರಿಂದ ಈಚೆಗೆ ಸಾಕಿದ ಜೇನುಕುಟುಂಬಗಳು ಹೆಚ್ಚಾಗಿವೆ, ಅದು ನಿಜ.

ನಿಮ್ಮ ಮನೆಯ ಸಂಪ್ ನೆನಪಿಸಿಕೊಳ್ಳಿ. ಅಡಿಯಲ್ಲಿ ಬಿರುಕು ಬಿಟ್ಟಿದೆ, ನೀರು ಸೋರ್ತಾ ಇದೆ. ನೀವು ದಿನಾ ಬೋರ್‌ವೆಲ್ ಮೋಟರ್ ಹಾಕಿ ತುಂಬಿಸ್ತೀರಿ. ಮುಚ್ಚಳ ತೆಗೆದು ನೋಡಿದವರಿಗೆ ಸಂಪ್ ತುಂಬಿದೆ. ಏನೂ ತೊಂದರೆ ಇಲ್ಲ ಅಂತಾರೆ. ಕರೆಂಟ್ ಬಿಲ್ ಕಟ್ಟೋರು ಯಾರು? ಜೇನಿನಲ್ಲೂ ಅದೇ ಕಥೆ. ನೂರು ಕುಟುಂಬದಲ್ಲಿ ನಲವತ್ತು ಸತ್ತವು ಅಂದುಕೊಳ್ಳಿ. ಉಳಿದ ಅರವತ್ತನ್ನು ವಸಂತದಲ್ಲಿ ಸಾಕಣೆದಾರ ಪಾಲು ಮಾಡ್ತಾನೆ. ಒಂದು ಕುಟುಂಬ ಒಡೆದು ಎರಡು. ಹೊಸ ರಾಣಿ ದುಡ್ಡು ಕೊಟ್ಟು ತರ್ತಾನೆ, ಸಕ್ಕರೆ ಪಾಕ ಕೊಡ್ತಾನೆ, ಬೇಸಿಗೆ ಹೊತ್ತಿಗೆ ಮತ್ತೆ ನೂರು. ಸರ್ಕಾರಿ ಪುಸ್ತಕದಲ್ಲಿ ಹೋದ ವರ್ಷವೂ ನೂರು, ಈ ವರ್ಷವೂ ನೂರು. ನಡುವೆ ಸತ್ತ ನಲವತ್ತು ಎಲ್ಲೂ ಕಾಣಲ್ಲ. ಒಡೆದ ಕುಟುಂಬ ಆ ವರ್ಷ ಜೇನು ಕಡಿಮೆ ಕೊಡುತ್ತೆ. ಆ ನಷ್ಟವೂ ಅವನದೇ. ಹಾಗಾಗಿ ನನಗೆ ಪೆಟ್ಟಿಗೆ ಎಷ್ಟಿದೆ ಅನ್ನುವ ಅಂಕಿಯಲ್ಲಿ ಆಸಕ್ತಿ ಕಡಿಮೆ. ಸೋರಿಕೆ ಎಷ್ಟು ಅನ್ನೋದೇ ಮುಖ್ಯ. ಒಂದು ವರ್ಷ ಮೋಟರ್ ಸುಟ್ಟುಹೋದರೆ ಏನು ಗತಿ ಅನ್ನೋದು ಆ ಸೋರಿಕೆಯ ಅಂಕಿಯಿಂದಲೇ ಗೊತ್ತಾಗಬೇಕು. ಇನ್ನೊಂದು ಮಾತು, ಇದೆಲ್ಲ ಪೆಟ್ಟಿಗೆ ಜೇನಿನ ಲೆಕ್ಕ. ಕಾಡಿನ ಜೇನಿಗೆ ಪಾಲು ಮಾಡಿಕೊಡುವ ಯಜಮಾನ ಇಲ್ಲ.

ಈ ಸಮೀಕ್ಷೆಯನ್ನು ಕಣ್ಣು ಮುಚ್ಚಿ ನಂಬಬೇಕಾ? ಬೇಡ. ಉತ್ತರ ಕೊಡೋದು ಸಾಕಣೆದಾರನ ಇಷ್ಟ. ಎಲ್ಲ ಕಳಕೊಂಡು ಬೇಸತ್ತವನು ಪೆಟ್ಟಿಗೆ ಮಾರಿ ಬೇರೆ ಕೆಲಸಕ್ಕೆ ಹೋಗಿರ್ತಾನೆ, ಅವನ ಲೆಕ್ಕ ಬರೋದೇ ಇಲ್ಲ. ಏನೂ ಕಳಕೊಳ್ಳದವನು ನನಗ್ಯಾಕೆ ಅಂತ ಸುಮ್ಮನಿರ್ತಾನೆ. ನಡುವಿನವರು ಬರೀತಾರೆ. ಇದು ಗೊತ್ತಿದ್ದೇ ಅವರು ಅಂಕಿಯ ಜೊತೆ ತಪ್ಪಿನ ಅಂದಾಜನ್ನೂ ಕೊಡ್ತಾರೆ. ಹಾಗಾದರೆ ಅಧಿಕಾರಿಗಳನ್ನೇ ಕಳಿಸಿ ಪೆಟ್ಟಿಗೆ ತೆಗೆಸಿ ನೋಡಬಹುದಲ್ಲ? ಯುರೋಪಿಯನ್ ಒಕ್ಕೂಟ ಅದನ್ನೂ ಮಾಡಿತು. 2012ರಿಂದ 2014ರವರೆಗೆ, ಎಪಿಲೋಬೀ ಅಂತ ಯೋಜನೆ, ಮೊದಲ ವರ್ಷ 17 ದೇಶ. ತರಬೇತಿ ಪಡೆದವರು ವರ್ಷಕ್ಕೆ ಮೂರು ಸಲ ಜೇನುತಾಣಕ್ಕೆ ಹೋಗಿ ಕಣ್ಣಾರೆ ನೋಡಿದರು. ಮೊದಲ ಚಳಿಗಾಲದಲ್ಲಿ ನಷ್ಟ ದೇಶದಿಂದ ದೇಶಕ್ಕೆ 3.5ರಿಂದ 33.6 ಶೇಕಡಾ. ಒಳ್ಳೇ ಲೆಕ್ಕ. ಎರಡು ವರ್ಷಕ್ಕೆ ನಿಂತುಹೋಯ್ತು. ಸಾವಿರಾರು ಕಡೆ ಕಾರು ಕಳಿಸಬೇಕು, ಭತ್ಯೆ ಕೊಡಬೇಕು. ಪ್ರಶ್ನೆ ಪತ್ರಿಕೆಯ ಲೆಕ್ಕ ಅಷ್ಟು ಚೊಕ್ಕ ಇಲ್ಲ. ವರ್ಷ ವರ್ಷ ಬರ್ತಾ ಇದೆ ಅನ್ನೋದೇ ಅದರ ಬಲ.

ವರ್ಷ ವರ್ಷ ಬಂದರೆ ಏನು ಸಿಗುತ್ತೆ? ಹಳೇ ರಾಣಿ ಇರುವ ಕುಟುಂಬಕ್ಕಿಂತ ಹೊಸ ರಾಣಿಯ ಕುಟುಂಬ ಚಳಿಗಾಲ ದಾಟುವ ಸಂಭವ ಹೆಚ್ಚು ಅನ್ನೋದು ಈ ಲೆಕ್ಕದಲ್ಲಿ ಕಂಡಿತು. ಐವತ್ತರ ಒಳಗೆ ಪೆಟ್ಟಿಗೆ ಇಟ್ಟ ಸಣ್ಣವರು ದೊಡ್ಡವರಿಗಿಂತ ಹೆಚ್ಚು ಕಳಕೊಳ್ತಾರೆ ಅಂತ ಕಂಡಿತು. ನ್ಯೂಜಿಲೆಂಡಿನವರು ಇದೇ ಮಾದರಿಯ ಪ್ರಶ್ನೆಗಳನ್ನು 2015ರಿಂದ ಕೇಳ್ತಾ ಬಂದಿದ್ದಾರೆ. ಮೊದಮೊದಲು ಅಲ್ಲಿಯ ಸಾಕಣೆದಾರರು ರಾಣಿಯ ತೊಂದರೆ, ರಾಣಿಯ ತೊಂದರೆ ಅಂತಿದ್ದರು. 2021ರ ಹೊತ್ತಿಗೆ ಉತ್ತರ ಬದಲಾಯ್ತು, ನುಸಿ ಮೇಲೆ ಬಂತು. ಪ್ರಶ್ನೆ ಬದಲಾಗಿರಲಿಲ್ಲ ನೋಡಿ, ಅದಕ್ಕೇ ಉತ್ತರ ಬದಲಾಗಿದ್ದು ಗೊತ್ತಾಯ್ತು.

ಎಣಿಕೆ ನಿಂತರೂ ಜೇನು ಸಾಯೋದು ನಿಲ್ಲಲ್ಲ. 2019ರಲ್ಲಿ ಅಮೆರಿಕದ ಕೃಷಿ ಇಲಾಖೆ ದುಡ್ಡಿಲ್ಲ ಅಂತ ತನ್ನ ಜೇನು ಸಮೀಕ್ಷೆಯನ್ನು ಕೆಲಕಾಲ ನಿಲ್ಲಿಸಿತು. ಯಾವ ವರ್ಷ? ಬೀ ಇನ್‌ಫಾರ್ಮ್ಡ್ ಪಾರ್ಟ್‌ನರ್‌ಶಿಪ್ ಅನ್ನುವ ಇನ್ನೊಂದು ಸಂಸ್ಥೆಯ ಸಮೀಕ್ಷೆ ಆ ಚಳಿಗಾಲದ ನಷ್ಟ 37.7 ಶೇಕಡಾ, ಹದಿಮೂರು ವರ್ಷದಲ್ಲೇ ಹೆಚ್ಚು ಅಂತ ಹೇಳಿದ ವರ್ಷವೇ! ಮುಂದೆ ಮತ್ತೆ ಶುರು ಮಾಡಿದರು, ಅದು ಬೇರೆ ಮಾತು. ಥರ್ಮಾಮೀಟರ್ ಒಡೆದರೆ ಜ್ವರ ಇಳಿಯುತ್ತಾ?

2025ರ ಜನವರಿಯಲ್ಲಿ ಅಲ್ಲಿ ಮತ್ತೆ ಏಟು ಬಿತ್ತು. ಕ್ಯಾಲಿಫೋರ್ನಿಯಾದಲ್ಲಿ ಫೆಬ್ರವರಿಗೆ ಬಾದಾಮಿ ಹೂ ಬಿಡುತ್ತೆ. ಪ್ರಪಂಚದ ಬಾದಾಮಿಯಲ್ಲಿ ಬಹುಪಾಲು ಅಲ್ಲಿಯದೇ. ನೀವು ಹಾಲಿಗೆ ಹಾಕುವ ಬಾದಾಮಿಯೂ ಅಲ್ಲಿಂದಲೇ ಬಂದಿರಬಹುದು. ದೇಶದ ಮೂಲೆ ಮೂಲೆಯಿಂದ ಲಾರಿಗಳಲ್ಲಿ ಪೆಟ್ಟಿಗೆ ಅಲ್ಲಿಗೆ ಹೋಗಬೇಕು. ಹೊರಡಿಸಲು ಪೆಟ್ಟಿಗೆ ತೆಗೆದರೆ ಖಾಲಿ. ಈ ಸಲ ಗಮನಿಸಿ, ಕೆಲವೇ ವಾರದಲ್ಲಿ ಸಮೀಕ್ಷೆ ಮುಗೀತು. 2024ರ ಜೂನ್‌ನಿಂದ 2025ರ ಫೆಬ್ರವರಿವರೆಗೆ ವ್ಯಾಪಾರಿ ಸಾಕಣೆದಾರರ ಸರಾಸರಿ ನಷ್ಟ 62 ಶೇಕಡಾ. ನೂರರಲ್ಲಿ ಅರವತ್ತೆರಡು! ಸತ್ತ ನೊಣದ ಮಾದರಿ ಪ್ರಯೋಗಾಲಯಕ್ಕೆ ಹೋಯ್ತು. ಅದೇ ಜೂನ್ ಹೊತ್ತಿಗೆ ಉತ್ತರ ಬಂತು. ನೊಣಗಳಲ್ಲಿ ವೈರಸ್ ವಿಪರೀತ. ಆ ವೈರಸ್ ಹರಡುವ ನುಸಿಗೆ ಅಲ್ಲಿಯವರು ಹೆಚ್ಚಾಗಿ ಬಳಸುವ ಅಮಿಟ್ರಾಜ್ ಔಷಧಿ ನಾಟದ ಲಕ್ಷಣ. 2006ರಲ್ಲಿ ಇದಕ್ಕೆ ಹೆಸರು ಇಡೋದೇ ದೊಡ್ಡ ಕೆಲಸ ಆಗಿತ್ತು. 2025ರಲ್ಲಿ ಇಷ್ಟು ಬೇಗ ಇಷ್ಟು ಗೊತ್ತಾಗಿದ್ದಕ್ಕೆ ಹದಿನೆಂಟು ವರ್ಷದ ಎಣಿಕೆಯ ಅಭ್ಯಾಸವೂ ಒಂದು ಕಾರಣ ಅಂತ ನನ್ನ ಅಭಿಪ್ರಾಯ.

ಈ ನುಸಿ ಇದೆಯಲ್ಲ, ವರ್ರೋವಾ, ಇದರ ತವರು ಯಾವುದು ಗೊತ್ತಾ? ನಮ್ಮ ಏಷ್ಯಾ. ಇದರ ಮೂಲ ಮನೆ ನಮ್ಮ ತುಡುವೆ ಜೇನಿನ ಬಳಗ. ತೆಂಗಿನ ನುಸಿ ನೋಡಿದ್ದೀರಿ, ಅದೇ ಥರದ ಜೀವಿ, ಕೆಂಗಂದು ಬಣ್ಣ, ಒಂದೂವರೆ ಮಿಲಿಮೀಟರ್ ಅಗಲ. ತುಡುವೆಗೂ ಇದಕ್ಕೂ ಹಳೇ ಒಪ್ಪಂದ. ತುಡುವೆ ಮೈಕೊಡವಿ ಅದನ್ನು ಕಚ್ಚಿ ಬಿಸಾಕುತ್ತೆ. ನುಸಿ ಹೆಚ್ಚಾಗಿ ಗಂಡು ಮರಿಗಳ ಕೋಣೆಯಲ್ಲಿ ಮಾತ್ರ ಸಂತಾನ ಬೆಳೆಸುತ್ತೆ. ಇಬ್ಬರೂ ಬದುಕ್ತಾರೆ. ಇಪ್ಪತ್ತನೇ ಶತಮಾನದಲ್ಲಿ ಮನುಷ್ಯ ಹೆಚ್ಚು ತುಪ್ಪದ ಆಸೆಗೆ ಯುರೋಪಿನ ಜೇನನ್ನು ಏಷ್ಯಾಕ್ಕೆ ತಂದು ತುಡುವೆಯ ಪಕ್ಕದಲ್ಲಿ ಇಟ್ಟ. ನುಸಿ ಹಾರಿತು. ಆ ಜೇನಿಗೆ ಇದನ್ನು ತಡೆಯುವ ವಿದ್ಯೆ ಗೊತ್ತಿರಲಿಲ್ಲ. ಸಾಗಿಸಿದ ಪೆಟ್ಟಿಗೆಗಳ ಜೊತೆ ಯುರೋಪಿಗೆ ಹೋಯ್ತು, 1987ರಲ್ಲಿ ಅಮೆರಿಕದಲ್ಲಿ ಸಿಕ್ಕಿತು, 2000ದಲ್ಲಿ ನ್ಯೂಜಿಲೆಂಡ್, 2022ರ ಜೂನ್‌ನಲ್ಲಿ ಆಸ್ಟ್ರೇಲಿಯಾದ ನ್ಯೂಕಾಸಲ್ ಬಂದರು. ಆಸ್ಟ್ರೇಲಿಯಾ ಬೇರುಸಹಿತ ಕೀಳೋಕೆ ನೋಡಿತು, 2023ರ ಸೆಪ್ಟೆಂಬರ್‌ನಲ್ಲಿ ಕೈಚೆಲ್ಲಿ ಇನ್ನು ಇದರ ಜೊತೆ ಬದುಕೋಣ ಅಂತು.

ಹಾಗಂತ ನಮ್ಮ ತುಡುವೆ ಸುಖವಾಗಿದೆ ಅಂದುಕೊಳ್ಳಬೇಡಿ. ಅದಕ್ಕೆ ಬೇರೆ ಮೃತ್ಯು ಇದೆ. ಥಾಯ್ ಸ್ಯಾಕ್‌ಬ್ರೂಡ್. 1976ರಲ್ಲಿ ಥಾಯ್ಲೆಂಡಿನಲ್ಲಿ ಗುರುತಿಸಿದ ವೈರಸ್ ರೋಗ. ಮರಿಹುಳು ಗೂಡಿನ ಕೋಣೆಯಲ್ಲೇ ನೀರು ತುಂಬಿದ ಚೀಲದಂತಾಗಿ ತಲೆ ಮೇಲೆತ್ತಿ ಸಾಯುತ್ತೆ. 1991-92ರಲ್ಲಿ ಇದು ದಕ್ಷಿಣ ಭಾರತಕ್ಕೆ ಬಂತು. ಕೇರಳ, ತಮಿಳುನಾಡು, ನಮ್ಮ ಕೊಡಗು, ದಕ್ಷಿಣ ಕನ್ನಡ. ಸಾಕಿದ ತುಡುವೆ ಕುಟುಂಬಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ಹೋದವು ಅಂತ ಬರೆದಿದ್ದಾರೆ. ತುಪ್ಪಕ್ಕೆ ಹೆಸರಾದ ಕೊಡಗಿನಲ್ಲಿ ಖಾಲಿ ಪೆಟ್ಟಿಗೆ ಒಲೆಗೆ ಸೌದೆಯಾದವು. ಕಾಫಿ ತೋಟದವರಿಗೆ ನಾನು ಹೇಳಬೇಕಾಗಿಲ್ಲ. ರೊಬಸ್ಟಾ ಗಿಡಕ್ಕೆ ತನ್ನ ಪರಾಗ ತನಗೆ ಆಗಲ್ಲ, ಬೇರೆ ಗಿಡದ್ದೇ ಬೇಕು. ಹೂಮಳೆ ಬಿದ್ದು ತೋಟ ಬೆಳ್ಳಗಾದಾಗ ಆ ಕೆಲವೇ ದಿನ ಜೇನು ಓಡಾಡಬೇಕು.

ಈ ಶೇಕಡಾ 90 ಅನ್ನೋದು ಏಟು ಬಿದ್ದ ಮೇಲೆ ಹೇಳಿದ ಅಂಕಿ. ಈ ವರ್ಷದ ಮಳೆಗಾಲದಲ್ಲಿ ಸುಳ್ಯದಲ್ಲಿ ಎಷ್ಟು ಹೋಯ್ತು, ಶಿರಸಿಯಲ್ಲಿ ಎಷ್ಟು, ವಿರಾಜಪೇಟೆಯಲ್ಲಿ ಎಷ್ಟು? ಕೊಲಾಸ್‌ನ ಆ 35 ದೇಶದ ಪಟ್ಟಿಯಲ್ಲಿ ಅಲ್ಜೀರಿಯಾ ಇದೆ, ಇರಾನ್ ಇದೆ, ಮೆಕ್ಸಿಕೋ ಇದೆ, ಯುದ್ಧದ ನಡುವಿನ ಸಿರಿಯಾ ಇದೆ. ಭಾರತ ಇಲ್ಲ. ನಮಗೆ ಎಣಿಸೋಕೆ ಬರಲ್ಲ ಅಂತಲ್ಲ. 2019ರ ಜಾನುವಾರು ಗಣತಿಯಲ್ಲಿ ಕತ್ತೆಗಳು ಶೇಕಡಾ 61ರಷ್ಟು ಕಡಿಮೆಯಾಗಿವೆ ಅಂತ ಪತ್ತೆಯಾಯ್ತು. ಸುದ್ದಿಯಾಯ್ತು, ಚರ್ಚೆಯಾಯ್ತು. ಎಣಿಸಿದ್ದಕ್ಕೇ ತಾನೆ? ಮೊಲ ಎಣಿಸಿದರು, ಒಂಟೆ ಎಣಿಸಿದರು. ಆ ಗಣತಿಯಲ್ಲಿ ಜೇನಿಗೆ ಕಾಲಂ ಇಲ್ಲ. ಕೇಂದ್ರ ಸರ್ಕಾರ ಜೇನು ಮಿಷನ್‌ಗೆ 500 ಕೋಟಿ ಇಟ್ಟಿತು. 2021ರಲ್ಲಿ ಮಧುಕ್ರಾಂತಿ ಪೋರ್ಟಲ್ ಬಂತು, ಸಾಕಣೆದಾರರ ನೋಂದಣಿಗೆ, ತುಪ್ಪ ಎಲ್ಲಿಂದ ಬಂತು ಅಂತ ಹಿಡಿಯೋಕೆ. ಒಳ್ಳೆಯದೇ. ಅದೇ ಪೋರ್ಟಲ್ಲಿಗೆ ವರ್ಷಕ್ಕೆ ಎರಡು ಸಲ ತುಂಬುವ ಒಂದು ಪುಟ ಸೇರಿಸೋಕೆ ಎಷ್ಟು ಖರ್ಚು? ಕಂಪ್ಯೂಟರ್ ಓದಿದ ಯಾವ ಹುಡುಗನನ್ನಾದರೂ ಕೇಳಿ.

ಸುಳ್ಯ ಕಡೆಯ ಒಬ್ಬ ಹಿರಿಯ ಜೇನು ಕೃಷಿಕರಿಗೆ ಈ ಕಾರ್ಯಕ್ರಮಕ್ಕಾಗಿ ಫೋನ್ ಮಾಡಿದ್ದೆ. ಯಾರಾದರೂ ಬಂದು ನಷ್ಟ ಕೇಳ್ತಾರಾ ಸರ್ ಅಂದೆ. "ನೀವು ಟಿವಿಯವರು ಕೇಳಿದ್ದೇ ದೊಡ್ಡದು ಮಾರಾಯ್ರೆ. ಪೆಟ್ಟಿಗೆ ಎಷ್ಟು ಉಂಟು ಅಂತ ಕೇಳ್ತಾರೆ. ಪೆಟ್ಟಿಗೆಯ ಒಳಗೆ ನೊಣ ಉಂಟಾ ಅಂತ ಯಾರೂ ಕೇಳಿದ್ದಿಲ್ಲ" ಅಂದರು. ಕೇಳಿದರೆ ಹೇಳ್ತೀರಾ ಅಂದೆ. "ಹೇಳ್ಲಿಕ್ಕೆ ಏನುಂಟು? ಆದ್ರೆ ನಿಮ್ಮ ವಿದೇಶದ ಪ್ರಶ್ನೆ ನಮ್ಗೆ ಆಗುದಿಲ್ಲ" ಅಂದರು. ಯಾಕೆ ಅಂತ ಅವರೇ ಬಿಡಿಸಿದರು.

ನಮಗೆ ಹಿಮ ಬೀಳುವ ಚಳಿಗಾಲ ಇಲ್ಲ. ಕರಾವಳಿ ಮಲೆನಾಡಿನ ಜೇನಿಗೆ ಕಷ್ಟಕಾಲ ಮಳೆಗಾಲ. ಜೂನ್‌ನಿಂದ ಹೂ ಇಲ್ಲ, ಹೊರಗೆ ಹೋಗೋಕೆ ಬಿಸಿಲಿಲ್ಲ, ಸಕ್ಕರೆ ಪಾಕ ಕೊಟ್ಟು ಕಾಯಬೇಕು. ಎರಡನೆಯದು, ತುಡುವೆ ಸಾಯೋದಕ್ಕೂ ಬಿಟ್ಟುಹೋಗೋದಕ್ಕೂ ವ್ಯತ್ಯಾಸ ಇದೆ. ಇರುವೆ ಬಂದರೆ, ಮೇಣದ ಹುಳು ಎರಿ ತಿಂದರೆ, ಹಸಿವಾದರೆ, ಇಡೀ ಕುಟುಂಬ ಒಂದು ದಿನ ಎದ್ದು ಕಾಡಿಗೆ ಹೋಗಿಬಿಡುತ್ತೆ. ಪೆಟ್ಟಿಗೆ ಖಾಲಿ, ಜೇನು ಸತ್ತಿಲ್ಲ. ಯುರೋಪಿನ ಫಾರಂನಲ್ಲಿ ಖಾಲಿ ಪೆಟ್ಟಿಗೆ ಅಂದ್ರೆ ಸತ್ತ ಲೆಕ್ಕಕ್ಕೆ ಹೋಗುತ್ತೆ. ನಮ್ಮ ಫಾರಂನಲ್ಲಿ ಅದಕ್ಕೆ ಬೇರೆ ಕಾಲಂ ಬೇಕು. ಮೂರನೆಯದು, ನಮ್ಮಲ್ಲಿ ಹೊಸ ಕುಟುಂಬ ಬರೋದು ಪಾಲು ಮಾಡಿ ಮಾತ್ರ ಅಲ್ಲ, ಎಷ್ಟೋ ಜನ ಮರದ ಪೊಟರೆಯಿಂದ, ಹುತ್ತದಿಂದ ಹಿಡಿದು ತಂದು ಪೆಟ್ಟಿಗೆಗೆ ಕೂಡಿಸ್ತಾರೆ. ಅಂದರೆ ನಮ್ಮ ಸಂಪ್ ತುಂಬ್ತಾ ಇರೋದು ಕಾಡಿನ ನೀರಿನಿಂದ. ಅದನ್ನೂ ಬರೀಬೇಕು.

ಹಾಗಾಗಿ ಕರ್ನಾಟಕದಲ್ಲಿ ಪ್ರಶ್ನೆ ಕೇಳೋದಾದರೆ ಮೇ ಕೊನೆಗೆ ಒಂದು ಸಲ, ಮಳೆ ಬಿಟ್ಟ ಮೇಲೆ ಅಕ್ಟೋಬರ್‌ನಲ್ಲಿ ಇನ್ನೊಂದು ಸಲ. ಮೇ ಕೊನೆಗೆ ಎಷ್ಟಿದ್ದವು. ಅಕ್ಟೋಬರ್‌ಗೆ ಎಷ್ಟು ಉಳಿದವು. ಹೋದದ್ದರಲ್ಲಿ ಎಷ್ಟು ಬಿಟ್ಟುಹೋದವು, ಎಷ್ಟರಲ್ಲಿ ಮರಿ ಸತ್ತಿತ್ತು, ರಾಣಿ ಇಲ್ಲದೆ ಎಷ್ಟು, ಮರ ಬಿದ್ದು, ಗುಡ್ಡ ಜರಿದು ಎಷ್ಟು. ಕಾಡಿನಿಂದ ಎಷ್ಟು ಹಿಡಿದು ತಂದಿರಿ. ಬಯಲುಸೀಮೆಯ ಸೂರ್ಯಕಾಂತಿ ಹೊಲದ ಪಕ್ಕ ಇಟಾಲಿಯನ್ ಜೇನು ಇಟ್ಟವರಿಗೆ ತಿಂಗಳು ಬೇರೆ ಬೇಕಾಗಬಹುದು, ನುಸಿಯ ಪ್ರಶ್ನೆ ಸೇರಿಸಬೇಕು. ಉತ್ತರ ಕೊಟ್ಟವರ ಹೆಸರು ಹೊರಗೆ ಬರಬಾರದು, ನಷ್ಟ ಹೇಳಿದ ತಪ್ಪಿಗೆ ಸಹಾಯಧನ ನಿಲ್ಲಬಾರದು. ಈ ಎರಡು ಭರವಸೆ ಇಲ್ಲದಿದ್ದರೆ ಎಲ್ಲರೂ ಎಲ್ಲ ಚೆನ್ನಾಗಿದೆ ಅಂತಲೇ ಬರೀತಾರೆ.

ತೋಟಗಾರಿಕೆ ಇಲಾಖೆ ಇದೆ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಜೇನಿನ ವಿಭಾಗದವರಿದ್ದಾರೆ, ಜಿಲ್ಲೆಗಳಲ್ಲಿ ಜೇನು ಸಹಕಾರ ಸಂಘಗಳಿವೆ. ಮುಂದಿನ ಮೇ ಕೊನೆಗೆ ಯಾರು ಮೊದಲು ಫಾರಂ ಹಿಡಿದು ಹೊರಡ್ತಾರೆ ಅನ್ನೋದೇ ಪ್ರಶ್ನೆ. ಸುಳ್ಯದ ಆ ಹಿರಿಯರು ಯಾರಿಗೂ ಕಾದಿಲ್ಲ. ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳ ಒಂದನೇ ತಾರೀಕಿನ ಚೌಕದಲ್ಲಿ ನೊಣ ಇರುವ ಪೆಟ್ಟಿಗೆಗಳ ಸಂಖ್ಯೆ ಬರೀತಾರಂತೆ. ವರ್ಷ ಮುಗಿದ ಮೇಲೆ ಕ್ಯಾಲೆಂಡರ್ ಏನು ಮಾಡ್ತೀರಿ ಅಂತ ಕೇಳಿದೆ. ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ, ಬೇಕಾದವರು ಬಂದು ನೋಡಬಹುದು ಅಂದರು.